ಬ್ಯಾಡ್ಜ್ ಹಿಂದಿನ ನಂಬರ್

ಕಳೆದ ಸೆಮಿಸ್ಟರ್ ಎರಡನೇ ಇಂಟರ್ನಲ್ಸ್ ಮುಗಿದ ಭಾನುವಾರ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಹಳೇ ಸಾಮಾನಿನ ಸಂತೆಗೆ ಹೋಗಿದ್ದ. ಅವನು ಹೋಗಿದ್ದು ಸೆಕೆಂಡ್ ಹ್ಯಾಂಡ್ ಮಲ್ಟಿಮೀಟರ್ ಹುಡುಕಿಕೊಂಡು. ತಂದಿದ್ದು ಒಂದು ಬ್ಯಾಡ್ಜು. "ಎಂಟುನೂರು ಹೇಳಿದ, ಆರುನೂರಕ್ಕೆ ಇಳಿಸಿದೆ ಕಣ್ರೋ" ಅಂತ ರೂಮಿನ ಮಧ್ಯೆ ನಿಂತು ತೋರಿಸಿದಾಗ ಅವನ ಮುಖದಲ್ಲಿ ಸೆಮಿಸ್ಟರ್ ಟಾಪ್ ಮಾಡಿದವನ ಕಳೆ.

ಬ್ಯಾಡ್ಜು ಹತ್ತು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು. ನಡುವೆ ಬಿಳಿ ವೃತ್ತ, ಅದರೊಳಗೆ ಓರೆಯಾಗಿ ನಿಂತ ಕಪ್ಪು ಸ್ವಸ್ತಿಕ್. ಸುತ್ತ ಕೆಂಪು ಪಟ್ಟಿ, ಅದರ ಮೇಲೆ ಜರ್ಮನ್ ಅಕ್ಷರಗಳು. ಹೊರಗಡೆ ಚಿನ್ನದ ಬಣ್ಣದ ಎಲೆಗಳ ಮಾಲೆ. ತಿರುಗಿಸಿ ನೋಡಿದರೆ ಐದಂಕಿಯ ಒಂದು ನಂಬರ್. ಮಾರಿದವರು "ಜರ್ಮನಿ ಮಾಲು, ಯುದ್ಧದ ಕಾಲದ್ದು" ಅಂದಿದ್ದರಂತೆ. ಗೆಳೆಯನಿಗೆ ಅದನ್ನ ಬ್ಯಾಗಿಗೆ ಚುಚ್ಚಿಕೊಂಡು ಓಡಾಡುವ ಆಸೆ. "ಬೇಡ ಮಾರಾಯ" ಅಂತ ಒಬ್ಬ ಅಂದರೆ, "ಸ್ವಸ್ತಿಕ್ ತಾನೆ, ನಮ್ಮನೆ ಬಾಗಿಲಲ್ಲೂ ಇದೆ" ಅಂತ ಇನ್ನೊಬ್ಬ. ಅಲ್ಲಿಂದ ಶುರುವಾದ ವಾದ ಮೂರು ವಾರ ನಡೆಯಿತು. ಆ ಮೂರು ವಾರದಲ್ಲಿ ನಾವು ಓದಿದ್ದು, ಅಳೆದಿದ್ದು, ಜಗಳ ಆಡಿದ್ದು ಎಲ್ಲ ಸೇರಿ ಈ ಲೇಖನ. ಆ ಐದಂಕಿಯ ನಂಬರನ್ನ ಮಾತ್ರ ಇಲ್ಲಿ ಬರೀತಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗತ್ತೆ.

ಮೊದಲು ಸ್ವಸ್ತಿಕ್ ವಿಷಯ ಮುಗಿಸಿಬಿಡೋಣ. ಗೃಹಪ್ರವೇಶಕ್ಕೆ ಅರಿಶಿನ ಕುಂಕುಮದಲ್ಲಿ ಬರೆಯೋ ಸ್ವಸ್ತಿಕ್ಕಿಗೂ ಇದಕ್ಕೂ ಆಕಾರದಲ್ಲಿ ನೆಂಟಸ್ತಿಕೆ ಇದೆ, ಅರ್ಥದಲ್ಲಿ ಇಲ್ಲ. ಜರ್ಮನ್ನರು ಇದನ್ನ ಕರೆಯೋದೇ ಹಾಕೆನ್‌ಕ್ರಾಯ್ಟ್ಸ್ ಅಂತ, ಅಂದರೆ ಕೊಕ್ಕೆ ಶಿಲುಬೆ. 1920ರಲ್ಲಿ ಹಿಟ್ಲರನ ಪಕ್ಷ ಅದನ್ನ ತನ್ನ ಗುರುತಾಗಿ ತೆಗೆದುಕೊಂಡಿತು. ಬಿಳಿ ವೃತ್ತ, ಕೆಂಪು ಹಿನ್ನೆಲೆ, ನಲವತ್ತೈದು ಡಿಗ್ರಿ ತಿರುಗಿದ ಕಪ್ಪು ಕೊಕ್ಕೆ: ಈ ಮೂರೂ ಒಟ್ಟಿಗೆ ಸೇರಿದರೆ ಅದು ಅಜ್ಜಿ ಬರೆದ ರಂಗೋಲಿ ಅಲ್ಲ. ಬಾಗಿಲಿಗೆ ಇರೋದನ್ನೇ ಬ್ಯಾಗಿಗೂ ಹಾಕಿದೆ ಅನ್ನೋ ವಾದ ಅಲ್ಲಿಗೆ ಬಿತ್ತು.

ಗೆಳೆಯ ತಂದಿದ್ದು ಆ ಪಕ್ಷದ ಮಾಮೂಲಿ ಸದಸ್ಯರ ಬ್ಯಾಡ್ಜ್ ಅಲ್ಲ. ಮಾಮೂಲಿಯದ್ದಕ್ಕೆ ಎಲೆಗಳ ಮಾಲೆ ಇರೋದಿಲ್ಲ. ಮಾಲೆ ಇರೋದನ್ನ 'ಚಿನ್ನದ ಪಕ್ಷ ಬ್ಯಾಡ್ಜ್' ಅಂತ ಕರೀತಾರೆ. ಇದರ ಕಥೆ ಹೀಗೆ. 1923ರ ನವೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ದಂಗೆ ಎಬ್ಬಿಸಿ ಸೋತ ಮೇಲೆ ಪಕ್ಷ ನಿಷೇಧವಾಗಿತ್ತು. ಹಿಟ್ಲರ್ ಜೈಲಿಂದ ಹೊರಬಂದು 1925ರ ಫೆಬ್ರವರಿ 27ರಂದು ಮತ್ತೆ ಕಟ್ಟಿದ. ಸದಸ್ಯತ್ವದ ನಂಬರುಗಳು 1ರಿಂದ ಹೊಸದಾಗಿ ಶುರುವಾದವು. ನಂಬರ್ 1 ಹಿಟ್ಲರನದ್ದೇ. (ಮೊದಲ ಸಲ 1919–20ರಲ್ಲಿ ಅವನ ನಂಬರ್ 555 ಇತ್ತು. ಪಕ್ಷ ದೊಡ್ಡದಾಗಿ ಕಾಣಲಿ ಅಂತ ಆಗ ಎಣಿಕೆಯನ್ನ 501ರಿಂದ ಶುರು ಮಾಡಿದ್ದರು! ನಮ್ಮ ಫೆಸ್ಟ್ ಟಿಕೆಟ್ ಬುಕ್ಕಿಗೂ ಒಮ್ಮೆ ಇದೇ ಐಡಿಯಾ ಬಂದಿತ್ತು ಅನ್ನೋದು ಬೇರೆ ಮಾತು.) ಅಧಿಕಾರಕ್ಕೆ ಬಂದ ವರ್ಷ, 1933ರ ಅಕ್ಟೋಬರ್ 13ರಂದು, 1ರಿಂದ 1,00,000ದೊಳಗಿನ ನಂಬರ್ ಇದ್ದು, ಸೇರಿದಾಗಿನಿಂದ ಒಂದು ಸಲವೂ ಸದಸ್ಯತ್ವ ತಪ್ಪದವರಿಗೆ ಈ ಬ್ಯಾಡ್ಜ್ ಕೊಡೋದು ಅಂತ ಆಯ್ತು. ಸಮವಸ್ತ್ರಕ್ಕೆ 30 ಮಿಲಿಮೀಟರಿನ ದೊಡ್ಡದು, ಕೋಟಿನ ಕಾಲರಿಗೆ ಸಣ್ಣದು. ಹಿಂದೆ ಅವರವರ ಸದಸ್ಯತ್ವದ ನಂಬರ್ ಒತ್ತಿರುತ್ತೆ.

ಇಲ್ಲೊಂದು ಲೆಕ್ಕ ಇದೆ, ನಮಗೆ ಬಹಳ ಇಷ್ಟವಾಗಿದ್ದು. ಒಂದು ಲಕ್ಷ ನಂಬರುಗಳಿಗೆ ಅರ್ಹತೆ ಇತ್ತು. ಕೊಟ್ಟಿದ್ದು 22,282 ಬ್ಯಾಡ್ಜು, ಅದರಲ್ಲಿ 1,795 ಹೆಂಗಸರಿಗೆ. ಅಂದರೆ ನೂರಕ್ಕೆ ಇಪ್ಪತ್ತೆರಡು. ಉಳಿದ ಎಪ್ಪತ್ತೆಂಟು ಮಂದಿ ಎಲ್ಲಿ ಹೋದರು? ಕೆಲವರು ಸತ್ತಿರಬಹುದು, ಕೆಲವರನ್ನ ಹೊರಹಾಕಿರಬಹುದು, ಆದರೆ ಬಹುಪಾಲು ಜನ ಬೇಸತ್ತು ಬಿಟ್ಟು ಹೋದವರು, ಚಂದಾ ಕಟ್ಟದೆ ನಿಂತವರು. ಇಪ್ಪತ್ತರ ದಶಕದ ಆ ಪಕ್ಷ ಜನ ಒಳಗೆ ಬಂದು ಹೊರಗೆ ಹೋಗೋ ಬಸ್ ಸ್ಟ್ಯಾಂಡ್ ಆಗಿತ್ತು ಅಂತ ಈ ಒಂದು ಭಾಗಾಕಾರ ಹೇಳುತ್ತೆ. ಬ್ಯಾಡ್ಜ್ ಸಿಕ್ಕಿದ್ದು ಅಲ್ಲೇ ಕೂತು ಉಳಿದವರಿಗೆ. ಯುದ್ಧ ಮುಗಿಯೋ ಹೊತ್ತಿಗೆ ಪಕ್ಷದಲ್ಲಿ ಸುಮಾರು 85 ಲಕ್ಷ ಜನ ಇದ್ದರು. ಅವರ ಮಧ್ಯೆ ಈ ಇಪ್ಪತ್ತೆರಡು ಸಾವಿರ "ನಾವು ಮೊದಲಿಂದ ಇದ್ದೋರು" ಅಂತ ಎದೆ ಮೇಲೆ ಹಾಕ್ಕೊಂಡು ತಿರುಗುತ್ತಿದ್ದರು.

ಇನ್ನೂ ಅಪರೂಪದವು ಇವೆ. 1923ರ ಆ ಸೋತ ದಂಗೆಯಲ್ಲಿ ಇದ್ದವರಿಗೆ 1934ರಲ್ಲಿ ಬೆಳ್ಳಿಯ ಒಂದು ಪದಕ ಮಾಡಿಸಿದರು, 'ರಕ್ತ ಪದಕ' ಅಂತ ಹೆಸರಾಗಿದ್ದು. ಆ ದಿನ ದಂಗೆಕೋರರ ಕಡೆ 16 ಜನ, ಪೊಲೀಸರು 4 ಜನ ಸತ್ತಿದ್ದರು. ಪದಕದಲ್ಲಿ ಹದಿನಾರು ಜನರ ನೆನಪಿದೆ, ಆ ನಾಲ್ವರದ್ದಿಲ್ಲ. ಸಂಖ್ಯೆಯಲ್ಲಿ ಇದಕ್ಕಿಂತ ಎಷ್ಟೋ ಸಣ್ಣದು ಕೋಬುರ್ಗ್ ಬ್ಯಾಡ್ಜ್. 1922ರ ಅಕ್ಟೋಬರಿನಲ್ಲಿ ಹಿಟ್ಲರ್ ತನ್ನ ನೂರಾರು ಜನರ ಜತೆ ಸ್ಪೆಷಲ್ ರೈಲಿನಲ್ಲಿ ಕೋಬುರ್ಗ್ ಊರಿಗೆ ಹೋಗಿ ಬೀದಿ ಜಗಳ ಮಾಡಿ ಬಂದಿದ್ದ. ಹತ್ತು ವರ್ಷದ ನಂತರ, 1932ರಲ್ಲಿ, ಅಲ್ಲಿ ಇದ್ದವರಿಗೆ ಅಂತ ಬ್ಯಾಡ್ಜ್ ಮಾಡಿಸಿದರು. ದಾಖಲೆಯಲ್ಲಿ ಇರೋ ಹೆಸರು 436. ಬೀದಿಯಲ್ಲಿ ಹೊಡೆದಾಡಿದ್ದಕ್ಕೆ ಮೆಡಲ್ಲು! ಯಾವ ಪಕ್ಷ ಯಾವುದನ್ನ ನೆನಪಿಟ್ಟುಕೊಳ್ಳುತ್ತೆ ಅನ್ನೋದನ್ನ ನೋಡೋಕೆ ಅದರ ಭಾಷಣಕ್ಕಿಂತ ಅದರ ಬ್ಯಾಡ್ಜು ವಾಸಿ.

ಈಗ ನಮ್ಮ ಆರುನೂರು ರೂಪಾಯಿಗೆ ಬರೋಣ. ನಿಜವಾದದ್ದು ಒಳ್ಳೆ ಸ್ಥಿತಿಯಲ್ಲಿದ್ದರೆ ಲಕ್ಷ ರೂಪಾಯಿ ದಾಟೋದುಂಟು ಅಂತ ಗೊತ್ತಾದ ಕೂಡಲೇ ರೂಮಿನಲ್ಲಿ ಎಲ್ಲರೂ ಇತಿಹಾಸಕಾರರಾದರು. ಬ್ಯಾಗಿಗೆ ಚುಚ್ಚೋ ಆಸೆ ಹೋಗಿ ಹತ್ತಿ ಸುತ್ತಿ ಪೆನ್ಸಿಲ್ ಬಾಕ್ಸಿನಲ್ಲಿ ಇಡೋ ಭಕ್ತಿ ಬಂತು. ಒಬ್ಬ ಆಗಲೇ ಬೈಕಿನ ಮಾಡೆಲ್ ನೋಡ್ತಿದ್ದ. ಆದರೆ ನಿಜವಾದದ್ದು ಅಂತ ಹೇಳೋದು ಹೇಗೆ?

ಆಗಿನ ಜರ್ಮನಿಯಲ್ಲಿ ಇಂಥವನ್ನ ಮಾಡೋ ಕ್ರಮ ನಮ್ಮ ಮ್ಯಾನುಫ್ಯಾಕ್ಚರಿಂಗ್ ಪ್ರೊಸೆಸ್ ಪಾಠದಲ್ಲಿ ಬರೋದೇ. ಗಟ್ಟಿ ಉಕ್ಕಿನ ಡೈ ಕೊರೆದು, ತಾಮ್ರ ಮತ್ತು ಸತು ಸೇರಿಸಿದ ಟೊಂಬಾಕ್ ಅನ್ನೋ ಲೋಹದ ತಗಡಿನ ಮೇಲೆ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ತಗ್ಗಾದ ಜಾಗಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಕರಗಿಸುತ್ತಾರೆ. ಅದು ನಿಜವಾದ ಎನಾಮಲ್, ಅಂದರೆ ಗಾಜೇ. ಆಮೇಲೆ ಉಜ್ಜಿ ನುಣುಪು ಮಾಡಿ, ಮಾಲೆಗೆ ಚಿನ್ನದ ಲೇಪ ಕೊಟ್ಟು, ಹಿಂದೆ ಪಿನ್ನನ್ನ ಬೆಸುಗೆ ಹಾಕುತ್ತಾರೆ. ಪೇಂಟ್ ಅಲ್ಲ ಅದು. ಲ್ಯುಡೆನ್‌ಷೈಡ್ ಅನ್ನೋ ಊರು ಗುಂಡಿ, ಬ್ಯಾಡ್ಜ್ ಮಾಡೋದಕ್ಕೇ ಹೆಸರುವಾಸಿ. ಚಿನ್ನದ ಬ್ಯಾಡ್ಜುಗಳನ್ನ ಮಾಡಿದ್ದು ಮ್ಯೂನಿಕ್‌ನ ಯೋಸೆಫ್ ಫ್ಯೂಸ್, ಡೆಶ್ಲರ್ ಅಂಡ್ ಜೋನ್ ಅನ್ನೋ ತಯಾರಕರು. ಪಕ್ಷಕ್ಕೆ ಸಂಬಂಧಪಟ್ಟ ಸಾಮಾನು ಯಾರು ತಯಾರಿಸಬಹುದು ಅಂತ ಲೈಸೆನ್ಸ್ ಕೊಡೋಕೆ ಪಕ್ಷದ್ದೇ ಒಂದು ಕಚೇರಿ ಇತ್ತು; ಅದು ಒಬ್ಬೊಬ್ಬ ತಯಾರಕನಿಗೂ ಕೋಡ್ ನಂಬರ್ ಕೊಡುತ್ತಿತ್ತು. ನಮ್ಮ ಐಎಸ್‌ಐ ಮಾರ್ಕಿನ ಥರ. ಹಾಗಾಗಿ ಮಾಮೂಲಿ ಬ್ಯಾಡ್ಜಿನ ಬೆನ್ನು ನೋಡಿದರೆ ಯಾವ ಕಾರ್ಖಾನೆ, ಸುಮಾರು ಯಾವ ಕಾಲ ಅಂತ ಹೇಳಬಹುದು.

ಸರ್ ಹತ್ತಿರ ಒಪ್ಪಿಗೆ ತಗೊಂಡು ಲ್ಯಾಬಿಗೆ ಒಯ್ದೆವು. ವರ್ನಿಯರ್ ಹಿಡಿದರೆ 29.7 ಮಿಲಿಮೀಟರ್. ನಿಜವಾದದ್ದು 30. ಮೂರೇ ಪಾಯಿಂಟು ತಾನೆ ಅನ್ನಬಹುದು, ಆದರೆ ಅಸಲಿ ಬ್ಯಾಡ್ಜಿನಿಂದ ಅಚ್ಚು ತೆಗೆದು ಲೋಹ ಎರಕ ಹೊಯ್ದರೆ, ಲೋಹ ಆರುವಾಗ ಕುಗ್ಗುತ್ತೆ. ಸತುವಿನ ಮಿಶ್ರಲೋಹ ಹೆಚ್ಚುಕಡಿಮೆ ಶೇಕಡಾ ಒಂದರಷ್ಟು. ಲೆಕ್ಕ ಸರಿಯಾಗೇ ಕೂತಿತು, ನಮ್ಮ ದುರದೃಷ್ಟಕ್ಕೆ. ಮ್ಯಾಗ್ನೆಟ್ ಪಿನ್ನಿಗೆ ಮಾತ್ರ ಅಂಟಿತು. ಅದರಿಂದ ಏನೂ ತೀರ್ಮಾನ ಆಗೋದಿಲ್ಲ. ಆಮೇಲೆ ಆರ್ಕಿಮಿಡೀಸ್ ತಾತನ ಕ್ರಮ: ಗಾಳಿಯಲ್ಲಿ ತೂಕ, ನೀರಲ್ಲಿ ತೂಕ. ಟೊಂಬಾಕಿನ ಸಾಂದ್ರತೆ 8.7ರ ಆಸುಪಾಸು. ಗಾಜಿನ ಎನಾಮಲ್ ಸೇರಿದರೆ ಸ್ವಲ್ಪ ಇಳಿಯಬಹುದು. ನಮಗೆ ಸಿಕ್ಕಿದ್ದು 6.5. ಅದು ಆಟಿಕೆ ಕಾರು, ಕೀ ಚೈನು ಮಾಡೋ ಸತುವಿನ ಎರಕದ ಸಾಂದ್ರತೆ. ಕೊನೆಗೆ ಲೆನ್ಸಿನಡಿ ನೋಡಿದರೆ ಎಲೆಗಳ ಅಂಚು ಸವೆದ ಸೋಪಿನ ಥರ ಮೊಂಡು, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ. ಪ್ರೆಸ್ಸಿನಲ್ಲಿ ಒತ್ತಿದ ಲೋಹದ ಅಂಚು ಚೂಪಾಗಿರುತ್ತೆ, ಎರಕದಲ್ಲಿ ಗಾಳಿಗುಳ್ಳೆ ಬೀಳುತ್ತೆ. ಕೆಂಪು ಬಣ್ಣ ಸೂಜಿಗೆ ಸುಲಭವಾಗಿ ಎದ್ದು ಬಂತು. ಗಾಜಾಗಿದ್ದರೆ ಬರೋದಿಲ್ಲ.

ಬೈಕ್ ನೋಡ್ತಿದ್ದವನು ಟ್ಯಾಬ್ ಮುಚ್ಚಿದ.

ಆದರೆ ನಂಬರ್? ಎಲ್ಲ ಖೋಟಾ ಆದರೂ ಐದಂಕಿಯ ಆ ನಂಬರ್ ಎಲ್ಲಿಂದ ಬಂತು? ಅಸಲಿಯಿಂದ ಅಚ್ಚು ತೆಗೆದಿದ್ದರೆ ನಂಬರೂ ಅಸಲಿಯದ್ದೇ. ಅಂದರೆ ಆ ನಂಬರಿನ ಒಬ್ಬ ಮನುಷ್ಯ ಎಲ್ಲೋ ಇದ್ದ. ಅಲ್ಲಿಂದ ನಮ್ಮ ಹುಡುಕಾಟ ಲೋಹ ಬಿಟ್ಟು ಕಾಗದದ ಕಡೆ ತಿರುಗಿತು. ನಿಜ ಹೇಳಬೇಕಂದ್ರೆ ಕಥೆ ಇರೋದೇ ಅಲ್ಲಿ.

1945ರ ಏಪ್ರಿಲ್. ಅಮೆರಿಕನ್ ಸೈನ್ಯ ಮ್ಯೂನಿಕ್ ಹತ್ತಿರ ಬರುತ್ತಿತ್ತು. ಪಕ್ಷದ ಕಚೇರಿಯವರು ಸದಸ್ಯರ ಕಾರ್ಡುಗಳನ್ನೆಲ್ಲ ಲಾರಿಗಳಲ್ಲಿ ತುಂಬಿ ಊರ ಹೊರಗೆ ಫ್ರೈಮಾನ್ ಅನ್ನೋ ಕಡೆ ಇದ್ದ ಕಾಗದದ ಮಿಲ್ಲಿಗೆ ಕಳಿಸಿದರು, ಅರೆದು ತಿರುಳು ಮಾಡಿಬಿಡಿ ಅಂತ. ಟನ್‌ಗಟ್ಟಲೆ ಕಾರ್ಡು. ಮಿಲ್ಲಿನ ಹಾನ್ಸ್ ಹೂಬರ್ ಅನ್ನೋರು ಅರೆಯಲಿಲ್ಲ. ಬೇರೆ ರದ್ದಿಯಡಿ ಮುಚ್ಚಿಟ್ಟು, ಅಮೆರಿಕನ್ನರು ಬಂದ ಮೇಲೆ ಅವರಿಗೆ ತಿಳಿಸಿದರು. ಕಾರ್ಡುಗಳು ಬರ್ಲಿನ್ ಸೇರಿ, ಅಮೆರಿಕನ್ನರು ನಡೆಸುತ್ತಿದ್ದ ಬರ್ಲಿನ್ ಡಾಕ್ಯುಮೆಂಟ್ ಸೆಂಟರಿನ ಬೆನ್ನೆಲುಬಾದವು. ಎಲ್ಲಕ್ಕೂ ಮೈಕ್ರೋಫಿಲ್ಮ್ ಪ್ರತಿ ಮಾಡಿಕೊಂಡು 1994ರಲ್ಲಿ ಅಸಲನ್ನ ಜರ್ಮನಿಯ ರಾಷ್ಟ್ರೀಯ ದಾಖಲೆ ಕಚೇರಿಗೆ, ಅಂದರೆ ಬುಂಡೆಸ್‌ಆರ್ಕೀವ್‌ಗೆ ಒಪ್ಪಿಸಿದರು. ಫಿಲ್ಮ್ ಪ್ರತಿ ಅಮೆರಿಕದ ರಾಷ್ಟ್ರೀಯ ದಾಖಲೆ ಕಚೇರಿಯಲ್ಲಿದೆ. ಆ ಮಿಲ್ಲಿನವರು ಹೇಳಿದ ಕೆಲಸವನ್ನ ಹೇಳಿದ ಹಾಗೆ ಮಾಡಿದ್ದರೆ "ನಾನು ಪಕ್ಷದಲ್ಲಿ ಇರಲೇ ಇಲ್ಲ" ಅಂತ ಲಕ್ಷಾಂತರ ಜನ ಆರಾಮಾಗಿ ಹೇಳಬಹುದಿತ್ತು.

ಹೇಳೋಕೆ ಕಾರಣವೂ ಇತ್ತು. ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಕೊಟ್ಟ ವಿಚಾರಣೆಯ ಫಾರ್ಮಿನಲ್ಲಿ 131 ಪ್ರಶ್ನೆಗಳಿದ್ದವು. ಪಕ್ಷಕ್ಕೆ ಯಾವಾಗ ಸೇರಿದೆ, ಯಾವ ಹುದ್ದೆಯಲ್ಲಿದ್ದೆ ಅಂತ ಎಲ್ಲ. ಚಿನ್ನದ ಬ್ಯಾಡ್ಜ್ ಇದ್ದವರಿಗೆ ತಪ್ಪಿಸಿಕೊಳ್ಳೋದು ಇನ್ನೂ ಕಷ್ಟ. ಹಾಗಾಗಿ ಜನ ಬ್ಯಾಡ್ಜುಗಳನ್ನ ನದಿಗೆ ಎಸೆದರು, ತೋಟದಲ್ಲಿ ಹೂತರು, ಒಲೆಗೆ ಹಾಕಿದರು. ಹತ್ತು ವರ್ಷ ಮೆರೆಸಿದ್ದನ್ನ ಒಂದು ರಾತ್ರಿಯಲ್ಲಿ ಮಾಯ ಮಾಡಿದರು. ಉಳಿದದ್ದರಲ್ಲಿ ಸುಮಾರಷ್ಟು ಸೈನಿಕರ ಕಿಟ್‌ಬ್ಯಾಗಿನಲ್ಲಿ ಬೇರೆ ದೇಶಗಳಿಗೆ ಹೋಯಿತು. ಇವತ್ತು ಇವು ಅಪರೂಪ ಆಗಿರೋದಕ್ಕೆ ಕಡಿಮೆ ಕೊಟ್ಟಿದ್ದು ಒಂದು ಕಾರಣ, ಕೈಯಾರೆ ನಾಶ ಮಾಡಿದ್ದು ಇನ್ನೊಂದು.

ನಂಬರಿನಿಂದ ಹೆಸರಿಗೆ ಹೋಗೋದು ನಾವಂದುಕೊಂಡಷ್ಟು ಸುಲಭ ಅಲ್ಲ. ಉಳಿದಿರೋ ಕಾರ್ಡುಗಳನ್ನ ಜೋಡಿಸಿರೋದು ಹೆಸರಿನ ಅಕ್ಷರಮಾಲೆ ಪ್ರಕಾರ. ಹೆಸರು ಗೊತ್ತಿದ್ದರೆ ನಂಬರ್ ಸಿಗತ್ತೆ. ಬರೀ ನಂಬರ್ ಇಟ್ಟುಕೊಂಡು ಹೆಸರು ಹುಡುಕೋದು ಅಂದರೆ, ಫೋನ್ ನಂಬರ್ ಹಿಡಿದು ಹಳೇ ಟೆಲಿಫೋನ್ ಡೈರೆಕ್ಟರಿಯಲ್ಲಿ ಮನೆ ಹುಡುಕಿದ ಹಾಗೆ. ಪ್ರತಿ ಪುಟ ನೋಡಬೇಕು. ಹೀಗಾಗಿ ಇದನ್ನೇ ಹಿಡಿದು ಕೂತ ಸಂಗ್ರಾಹಕರು ಅಡ್ಡದಾರಿ ಹುಡುಕಿದರು. ಎಸ್‌ಎಸ್ ಪಡೆಯ ಅಧಿಕಾರಿಗಳ ಸೀನಿಯಾರಿಟಿ ಪಟ್ಟಿಗಳು ಆಗಲೇ ಅಚ್ಚಾಗಿದ್ದವು. ಅದರಲ್ಲಿ ಹೆಸರಿನ ಜತೆ ಪಕ್ಷದ ನಂಬರ್ ಇದೆ, ಚಿನ್ನದ ಬ್ಯಾಡ್ಜು, ರಕ್ತ ಪದಕ ಇದ್ದವರಿಗೆ ಸಣ್ಣ ಗುರುತೂ ಇದೆ. ಆಗಿನ ಸಂಸತ್ತಿನ ಸದಸ್ಯರ ಕೈಪಿಡಿಗಳಲ್ಲಿ ಜೀವನ ವಿವರ ಇದೆ. ಇವುಗಳಿಂದ ಒಂದೊಂದೇ ನಂಬರ್ ಹೆಕ್ಕಿ ಜನ ವರ್ಷಗಟ್ಟಲೆ ಕೂತು ತಮ್ಮದೇ ಪಟ್ಟಿ ಕಟ್ಟಿದ್ದಾರೆ. ಹಿಮ್ಲರ್ 14,303. ಗೊಬೆಲ್ಸ್ 8,762. ಇಂಥವರದ್ದು ಯಾವ ಪುಸ್ತಕ ತೆಗೆದರೂ ಸಿಗತ್ತೆ. ಕಷ್ಟ ಇರೋದು ಸಣ್ಣೂರಿನ ಬೇಕರಿಯವನು, ಸ್ಕೂಲ್ ಮೇಷ್ಟ್ರು, ರೈಲ್ವೆ ಗುಮಾಸ್ತ, ಅಂಥವರ ನಂಬರಿಗೆ.

ಬ್ಯಾಡ್ಜಿನ ಜತೆ ಕೊಡೋ ಕಾಗದಪತ್ರಕ್ಕೂ ಪರೀಕ್ಷೆ ಇದೆ. ಯುದ್ಧದ ನಂತರದ ಕಾಗದಕ್ಕೆ ಬಿಳುಪು ಬರೋಕೆ ಸೇರಿಸೋ ಕೆಮಿಕಲ್ ಅಲ್ಟ್ರಾವಯಲೆಟ್ ಬೆಳಕಲ್ಲಿ ನೀಲಿಯಾಗಿ ಹೊಳೆಯುತ್ತೆ. 1934ರ ಸರ್ಟಿಫಿಕೇಟ್ ಹಾಗೆ ಹೊಳೆದರೆ ಗೋವಿಂದ. ಕಾಗದ ಅಸಲಿಯೇ ಆಗಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತೆ: ಅದು ಎಲ್ಲಿಂದ ಬಂತು? 1980ರ ದಶಕದಲ್ಲಿ ಬರ್ಲಿನ್‌ನ ಆ ಸೆಂಟರಿನಿಂದಲೇ ಕಡತಗಳು ಕಳುವಾಗಿ ಸಂಗ್ರಾಹಕರ ಮಾರುಕಟ್ಟೆಗೆ ಬಂದಿದ್ದವು. ಅಲ್ಲಿ ಕಡತ ಒಂದು ಪುರಾವೆ, ಇಲ್ಲಿ ಅದೇ ಕಡತ ಶೋಕೇಸಿನ ಸಾಮಾನು. ಸಂಗ್ರಹ ಅಂದರೆ ಇತಿಹಾಸ ಉಳಿಸೋದು ಅಂತ ಹೇಳೋರ ಜತೆ ನಾವು ಅರ್ಧ ದಾರಿ ಮಾತ್ರ ಹೋಗಬಲ್ಲೆವು, ಇದೇ ಕಾರಣಕ್ಕೆ.

ಕಾರ್ಡು ಇದ್ದರೆ ಮುಗೀತಾ? ಅದೂ ಇಲ್ಲ. 2007ರಲ್ಲಿ ಮಾರ್ಟಿನ್ ವಾಲ್ಸರ್, ಜೀಗ್‌ಫ್ರೀಡ್ ಲೆನ್ಸ್ ಎಂಬ ದೊಡ್ಡ ಲೇಖಕರ ಕಾರ್ಡುಗಳು ಇದೇ ದಾಖಲೆಗಳಲ್ಲಿ ಸಿಕ್ಕಿದವು. ಹುಡುಗರಾಗಿದ್ದಾಗಿನವು. ತಮಗೆ ತಿಳಿಯದೆ ಆಗಿದ್ದು ಅಂತ ಅವರು ಅಂದರು. ಸಹಿ ಇಲ್ಲದೆ ಯಾರನ್ನೂ ಸೇರಿಸುತ್ತಿರಲಿಲ್ಲ ಅಂತ ಕೆಲವು ಇತಿಹಾಸಕಾರರು, ಕೊನೇ ವರ್ಷಗಳಲ್ಲಿ ಹಾಗೂ ಆಗಿರಬಹುದು ಅಂತ ಇನ್ನು ಕೆಲವರು. ನಮ್ಮ ವಯಸ್ಸಿಗಿಂತ ಚಿಕ್ಕವರಾಗಿದ್ದಾಗಿನ ಒಂದು ಕಾರ್ಡು ಎಂಬತ್ತು ವರ್ಷದ ಹತ್ತಿರ ಎದುರು ಬಂದು ನಿಂತರೆ ಹೇಗಿರುತ್ತೆ ಅಂತ ನಾವು ಆ ರಾತ್ರಿ ಮೆಸ್ಸಿನಲ್ಲಿ ಬಹಳ ಹೊತ್ತು ಮಾತಾಡಿದ್ವಿ.

ಸುಮಾರು ಓದಿದ ಮೇಲೆ ನಮ್ಮ ತಲೆಯಲ್ಲಿ ಉಳಿದಿದ್ದು ಒಂದು ದಿನ: 1937ರ ಜನವರಿ 30. ಹಿಟ್ಲರ್ ಅಧಿಕಾರಕ್ಕೆ ಬಂದು ನಾಲ್ಕು ವರ್ಷ ತುಂಬಿದ ದಿನ. ಸಂಪುಟದಲ್ಲಿ ಪಕ್ಷದ ಸದಸ್ಯರಲ್ಲದ ಮಂತ್ರಿಗಳು ಇನ್ನೂ ಕೆಲವರಿದ್ದರು. ಅವರನ್ನೆಲ್ಲ ಪಕ್ಷಕ್ಕೆ ಸೇರಿಸಿಕೊಳ್ಳುತ್ತೇನೆ ಅಂತ ಹೇಳಿ, ಸಭೆಯಲ್ಲೇ ಒಬ್ಬೊಬ್ಬರಿಗೂ ಚಿನ್ನದ ಬ್ಯಾಡ್ಜ್ ಕೊಡುತ್ತಾ ಬಂದ. ಇವರ್ಯಾರೂ ಒಂದು ಲಕ್ಷದೊಳಗಿನ ಹಳೇ ಸದಸ್ಯರಲ್ಲ. ಇದು ಗೌರವಾರ್ಥ.

ಅರ್ಥಮಂತ್ರಿ ಹ್ಯಾಲ್ಮಾರ್ ಶಾಖ್ಟ್ ತೆಗೆದುಕೊಂಡರು. ಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಆ ಬ್ಯಾಡ್ಜ್ ಬಗ್ಗೆ ಕೇಳಿದಾಗ, ರೈಲಿನಲ್ಲಿ ಓಡಾಡೋಕೆ, ಕಾರು ತರಿಸೋಕೆ ಅದರಿಂದ ಅನುಕೂಲ ಆಗ್ತಿತ್ತು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಬಸ್ ಪಾಸ್ ಥರ! 1946ರಲ್ಲಿ ಅವರಿಗೆ ಬಿಡುಗಡೆಯೂ ಆಯ್ತು. ಪ್ರಷ್ಯಾದ ಹಣಕಾಸು ಮಂತ್ರಿ ಯೊಹಾನೆಸ್ ಪೊಪಿಟ್ಸ್‌ಗೂ 1937ರಲ್ಲೇ ಈ ಬ್ಯಾಡ್ಜ್ ಬಂತು. ಏಳು ವರ್ಷದ ನಂತರ, 1944ರ ಜುಲೈನಲ್ಲಿ ಹಿಟ್ಲರನನ್ನ ಕೊಲ್ಲೋ ಪ್ರಯತ್ನ ವಿಫಲವಾದಾಗ, ಸಂಚು ಮಾಡಿದವರ ಜತೆ ಇದ್ದರು ಅಂತ ಬಂಧನವಾಗಿ, 1945ರ ಫೆಬ್ರವರಿ 2ರಂದು ಬರ್ಲಿನ್ನಿನ ಪ್ಲೋಟ್ಸೆನ್‌ಸೇ ಜೈಲಿನಲ್ಲಿ ಅವರನ್ನ ಗಲ್ಲಿಗೇರಿಸಿದರು.

ಇನ್ನೊಬ್ಬರು ಪೌಲ್ ಫೊನ್ ಎಲ್ಟ್ಸ್ ರ್ಯೂಬೆನಾಖ್. ಅಂಚೆ ಮತ್ತು ಸಾರಿಗೆ ಮಂತ್ರಿ. ಹಿಟ್ಲರ್ ಬರೋ ಮೊದಲೇ, 1932ರಿಂದ ಮಂತ್ರಿಯಾಗಿದ್ದವರು, ಕಟ್ಟಾ ಕ್ಯಾಥೊಲಿಕ್. ಬ್ಯಾಡ್ಜ್ ತಮ್ಮ ಹತ್ತಿರ ಬಂದಾಗ ಬೇಡ ಅಂದರು. ಚರ್ಚಿನ ಮೇಲೆ ಪಕ್ಷ ಮಾಡುತ್ತಿರೋ ದಾಳಿ ನಿಲ್ಲದೆ ತಾನು ಸೇರೋದು ಸಾಧ್ಯವಿಲ್ಲ ಅಂತ, ಸಂಪುಟದ ಎಲ್ಲರೆದುರು, ಹಿಟ್ಲರನ ಮುಖಕ್ಕೇ ಹೇಳಿದರು. ಹೇಳಿ ಏನಾಯ್ತು? ಮಂತ್ರಿಗಿರಿ ಹೋಯ್ತು. ಅಂಚೆ ಖಾತೆ ವಿಲ್ಹೆಲ್ಮ್ ಓನೆಜೋರ್ಗೆಗೆ, ಸಾರಿಗೆ ಯೂಲಿಯುಸ್ ಡೋರ್ಪ್‌ಮ್ಯುಲರ್‌ಗೆ ಹೋಯ್ತು. 1943ರಲ್ಲಿ ತೀರಿಕೊಂಡರು.

ಇವರನ್ನ ಹೀರೋ ಮಾಡೋ ಉತ್ಸಾಹ ನಮ್ಮಲ್ಲಿ ಒಬ್ಬನಿಗೆ ಬಂತು. ಇನ್ನೊಬ್ಬ ಕೂಡಲೇ ತಡೆದ. ನಾಲ್ಕು ವರ್ಷ ಅದೇ ಸಂಪುಟದಲ್ಲಿ ಕೂತಿದ್ದರಲ್ಲ? 1935ರಲ್ಲಿ ಯಹೂದಿಗಳ ಪೌರತ್ವ ಕಿತ್ತುಕೊಂಡ ಕಾನೂನು ಬಂದಾಗಲೂ ಮಂತ್ರಿಯೇ ಆಗಿದ್ದರಲ್ಲ? ಹೌದು, ಇದ್ದರು. ಅವರು ಎದ್ದು ನಿಂತಿದ್ದು ತಮ್ಮ ಚರ್ಚಿಗಾಗಿ. ಎರಡೂ ನಿಜ. ನಮಗನ್ನಿಸಿದ್ದು ಇಷ್ಟು: ಆ ಕೋಣೆಯಲ್ಲಿ ಬೇಡ ಅನ್ನೋದು ಸಾಧ್ಯವಿತ್ತು. ಉಳಿದವರಿಗೆ ಬೇರೆ ದಾರಿ ಇರಲಿಲ್ಲ ಅನ್ನೋ ಮಾತು ಅವರೊಬ್ಬರಿಂದ ಸುಳ್ಳಾಯ್ತು. ತಮಾಷೆ ಏನಂದ್ರೆ, ಸಂಗ್ರಾಹಕರ ಲೋಕದಲ್ಲಿ ಅವರಿಗೆ ಜಾಗ ಇಲ್ಲ. ತೆಗೆದುಕೊಂಡವರ ಬ್ಯಾಡ್ಜಿಗೆ ರೇಟು. ತೆಗೆದುಕೊಳ್ಳದವರದ್ದನ್ನ ಯಾರು ಹರಾಜು ಹಾಕ್ತಾರೆ?

ಇದೇ ಥರದ ಇನ್ನೊಂದು ಖಾಲಿ ಜಾಗ ಇದೆ. 1931ರ ಡಿಸೆಂಬರಿನಲ್ಲಿ ನಾಜಿಗಳನ್ನ ಎದುರಿಸೋಕೆ ಸೋಷಿಯಲ್ ಡೆಮಾಕ್ರಟ್ ಪಕ್ಷ, ಕಾರ್ಮಿಕ ಸಂಘಗಳು, ಕಾರ್ಮಿಕರ ಕ್ರೀಡಾ ಸಂಘಗಳು ಸೇರಿ 'ಕಬ್ಬಿಣದ ರಂಗ' ಅಂತ ಒಂದು ಒಕ್ಕೂಟ ಕಟ್ಟಿದವು. ಅವರ ಗುರುತು ಓರೆಯಾಗಿ ಇಳಿಯೋ ಮೂರು ಬಾಣ. ಇದರ ಹಿಂದಿದ್ದವರು ಸೆರ್ಗೇಯ್ ಚಖೋಟಿನ್, ಪಾವ್ಲೋವ್ ಹತ್ತಿರ ಕೆಲಸ ಮಾಡಿದ್ದ ರಷ್ಯನ್ ವಿಜ್ಞಾನಿ. ಗೋಡೆ ಮೇಲಿನ ಹಾಕೆನ್‌ಕ್ರಾಯ್ಟ್ಸನ್ನ ಯಾರೋ ಸೀಮೆಸುಣ್ಣದಲ್ಲಿ ಗೀಟು ಹಾಕಿ ಹೊಡೆದಿದ್ದನ್ನ ನೋಡಿ ಅವರಿಗೆ ಈ ಐಡಿಯಾ ಹೊಳೆಯಿತಂತೆ. ಎಂಥ ಡಿಸೈನ್ ನೋಡಿ: ಎದುರಾಳಿಯ ಚಿಹ್ನೆ ಮೇಲೆ ಮೂರು ಗೀಟು ಎಳೆದರೆ ಸಾಕು, ನಿಮ್ಮ ಚಿಹ್ನೆ ರೆಡಿ. 1933ರಲ್ಲಿ ನಾಜಿಗಳು ಬಂದ ಮೇಲೆ ಈ ಬ್ಯಾಡ್ಜ್ ಮನೆಯಲ್ಲಿದ್ದರೂ ಅಪಾಯ. ಅವನ್ನೂ ಜನ ಹೂತರು, ಎಸೆದರು, ಹನ್ನೆರಡು ವರ್ಷ ಮೊದಲೇ. ಆ ಬ್ಯಾಡ್ಜ್ ಹಿಂದೆ ಹೆಸರಿಗೆ ಕರೆದೊಯ್ಯೋ ನಂಬರ್ ಇಲ್ಲ. ಹಾಕಿಕೊಂಡು ಬೀದಿಗಿಳಿದ ಹುಡುಗರು ಯಾರು ಅಂತ ಬ್ಯಾಡ್ಜ್ ಹೇಳೋದಿಲ್ಲ. ಬಾಸಿನ ಜತೆ ಹೋಗಿ ಕೋಬುರ್ಗ್‌ನಲ್ಲಿ ಹೊಡೆದಾಡಿದ 436 ಹೆಸರು ಮಾತ್ರ ಭದ್ರವಾಗಿದೆ. ನಮ್ಮ ಕೈಯಲ್ಲಿ ಇದ್ದಿದ್ದರೆ ನಾವು ಹುಡುಕಿ ಇಟ್ಟುಕೊಳ್ಳುತ್ತಿದ್ದಿದ್ದು ಆ ಮೂರು ಬಾಣದ್ದನ್ನೇ.

ಕಾನೂನಿನ ಬಗ್ಗೆ ಎರಡು ಮಾತು. ಜರ್ಮನಿಯ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಇಂಥ ಚಿಹ್ನೆಗಳನ್ನ ಸಾರ್ವಜನಿಕವಾಗಿ ಪ್ರದರ್ಶಿಸೋದು ಅಪರಾಧ. ಶಿಕ್ಷಣ, ಸಂಶೋಧನೆ, ಕಲೆಗೆ ವಿನಾಯಿತಿ ಇದೆ. ಅದಕ್ಕೇ ಅಲ್ಲಿನ ಹರಾಜಿನ ಕ್ಯಾಟಲಾಗುಗಳಲ್ಲಿ ನಡುವಿನ ಕೊಕ್ಕೆಯನ್ನ ಮುಚ್ಚಿರುತ್ತಾರೆ. ಯುದ್ಧದ ಸೈನಿಕ ಪದಕಗಳನ್ನ ಕೊಕ್ಕೆ ತೆಗೆದ ರೂಪದಲ್ಲಿ ಧರಿಸೋಕೆ 1957ರ ಕಾನೂನು ಬಿಟ್ಟಿತು. ಪಕ್ಷದ ಬ್ಯಾಡ್ಜುಗಳಿಗೆ ಆ ರಿಯಾಯಿತಿ ಇಲ್ಲ. ವ್ಯಕ್ತಿಗಳ ಕಡತ ನೋಡೋಕೂ ನಿಯಮ ಇದೆ: ಸತ್ತು ಹತ್ತು ವರ್ಷ ಆಗಿರಬೇಕು, ಸತ್ತ ದಿನ ಗೊತ್ತಿಲ್ಲದಿದ್ದರೆ ಹುಟ್ಟಿ ನೂರು ವರ್ಷ. ಜನರಲ್ಲಿ ಈ ಬ್ಯಾಡ್ಜಿನ ನೆನಪು ಇರೋದು ಮಾತ್ರ 'ಶಿಂಡ್ಲರ್ಸ್ ಲಿಸ್ಟ್' ಸಿನಿಮಾದಿಂದ. ಕೊನೆಯಲ್ಲಿ ಶಿಂಡ್ಲರ್ ತನ್ನ ಕೋಟಿನ ಚಿನ್ನದ ಪಿನ್ ಕಿತ್ತು, ಇದನ್ನ ಮಾರಿದ್ದರೆ ಇನ್ನೂ ಇಬ್ಬರನ್ನ ಉಳಿಸಬಹುದಿತ್ತು ಅಂತ ಅಳೋ ದೃಶ್ಯ. ಹಾಸ್ಟೆಲಿನಲ್ಲಿ ನಾವೂ ನೋಡಿದ್ವಿ, ಈ ಗಲಾಟೆಯ ನಡುವೆಯೇ. ನಿಜವಾದ ಶಿಂಡ್ಲರ್ ಪಕ್ಷ ಸೇರಿದ್ದು 1939ರಲ್ಲಿ. ಮೊದಲ ಲಕ್ಷದ ಲೆಕ್ಕಕ್ಕೆ ಅವರು ಬರೋದೇ ಇಲ್ಲ. ಆದರೂ ಆ ದೃಶ್ಯ ಬಂದಾಗ ರೂಮಲ್ಲಿ ಯಾರೂ ಮಾತಾಡಲಿಲ್ಲ, ಆರುನೂರು ಕೊಟ್ಟವನೂ ಸೇರಿ.

ಕೊನೆಗೆ ಆ ನಂಬರ್. ನಮ್ಮಿಂದ ಹೆಸರಿನವರೆಗೆ ಹೋಗೋಕೆ ಆಗಲಿಲ್ಲ. ಹೋಗಬೇಕಿತ್ತಾ ಅಂತಲೂ ಒಂದು ಸಂಜೆ ವಾದ ಆಯ್ತು. ಇಲ್ಲಿ ಬರೆಯದಿರೋಕೆ ಕಾರಣ ಸರಳ. ಒಂದೇ ಅಚ್ಚಿನಿಂದ ಹೀಗೇ ನೂರಾರು ಎರಕ ಹೊಯ್ದಿರುತ್ತಾರೆ. ಆ ನಂಬರಿನ ಹೆಸರಲ್ಲಿ ಒಂದು ಲೇಖನ ಬಂತು ಅಂದರೆ, ನಾಳೆ ಇನ್ಯಾರೋ ಅದನ್ನೇ ತೋರಿಸಿ ಇನ್ಯಾರಿಗೋ ಆರು ಸಾವಿರಕ್ಕೆ ಕಟ್ಟುತ್ತಾರೆ.

ಗೆಳೆಯ ಅದನ್ನ ಸಂತೆಗೆ ವಾಪಸ್ ಒಯ್ದು ಮಾರುತ್ತೀನಿ ಅಂತ ಎರಡು ವಾರ ಹೇಳುತ್ತಿದ್ದ. ಮೂರನೇ ವಾರ ಅವನೇ ವರ್ಕ್‌ಶಾಪಿನಿಂದ ಎಲೆಕ್ಟ್ರಿಕ್ ಎನ್‌ಗ್ರೇವರ್ ಇಸಕೊಂಡು, ಬೆನ್ನ ಮೇಲೆ, ನಂಬರಿಗೆ ಅಡ್ಡವಾಗಿ, 'ನಕಲು' ಅಂತ ಕನ್ನಡದಲ್ಲಿ ಕೊರೆದ. ಅಕ್ಷರ ಸ್ವಲ್ಪ ಸೊಟ್ಟ ಬಂದಿದೆ. ಈಗ ಅದು ಲ್ಯಾಬಿನ ಡ್ರಾಯರಲ್ಲಿದೆ, ಸಾಂದ್ರತೆ ಅಳೆಯೋ ಪ್ರಯೋಗದ ಸ್ಯಾಂಪಲ್ಲುಗಳ ಜತೆ. ಮಲ್ಟಿಮೀಟರ್ ಇನ್ನೂ ತಂದಿಲ್ಲ.